ವಿಮಾನಯಾನದಲ್ಲಿ ಅಕ್ಷಾಂಶ–ರೇಖಾಂಶ ಬರವಣಿಗೆಯ ಗೊಂದಲ

ಭೂಮಿಯ ಮೇಲಿನ ಒಂದೇ ಸ್ಥಾನವನ್ನು ಬೇರೆ ಬೇರೆ ಕ್ರಮಗಳಲ್ಲಿ ಬರೆಯುವುದರಿಂದ, ಹಾಗೂ ಒಂದು ಕ್ರಮದಲ್ಲಿ ಬರೆದ ಅಂಕಿಗಳನ್ನು ಮತ್ತೊಂದು ಕ್ರಮದವೆಂದು ಓದುವುದರಿಂದ ವಿಮಾನಯಾನದಲ್ಲಿ ಉಂಟಾಗುವ ದೋಷವನ್ನು ಅಕ್ಷಾಂಶ–ರೇಖಾಂಶ ಬರವಣಿಗೆಯ ಗೊಂದಲ ಎನ್ನಬಹುದು. ಇಂತಹ ದೋಷದಲ್ಲಿ ಅಳತೆ ಸರಿಯಾಗಿಯೇ ಇರುತ್ತದೆ, ಉಪಕರಣವೂ ಕೆಟ್ಟಿರುವುದಿಲ್ಲ. ಅಂಕಿಗಳು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಅವುಗಳನ್ನು ಬರೆದ ಕ್ರಮ ಯಾವುದೆಂಬ ತಿಳಿವಳಿಕೆ ಮಾತ್ರ ಜೊತೆಯಲ್ಲಿ ದಾಟುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನಲ್ಲಿ, ಬೊಬ್ರುವಾಡಕ್ಕೆ ಸಮೀಪದ ಅಲಗೇರಿಯಲ್ಲಿ, ಸೀಬರ್ಡ್ ನೌಕಾನೆಲೆ ಯೋಜನೆಯ 2ಎ ಹಂತದ ಅಂಗವಾಗಿ ನೌಕಾಪಡೆಯ ವಿಮಾನ ನಿಲ್ದಾಣವನ್ನೂ ಅದಕ್ಕೆ ಹೊಂದಿಕೊಂಡ ನಾಗರಿಕ ವಿಭಾಗವನ್ನೂ ಯೋಜಿಸಲಾಗಿದೆ. ಈ ಕಾರಣದಿಂದ ಇದುವರೆಗೆ ವಿಮಾನ ಚಾಲಕರಿಗೆ ಸೀಮಿತವೆನಿಸಿದ್ದ ವಿಷಯವು ಅಲ್ಲಿ ಮನೆ ಕಟ್ಟುವವರಿಗೂ ದೋಣಿ ನಡೆಸುವವರಿಗೂ ಸಂಬಂಧಿಸಿದ್ದಾಗುತ್ತಿದೆ.

ಮೂರು ಕ್ರಮಗಳು

ಸ್ಥಾನವನ್ನು ಬರೆಯಲು ಸಾಮಾನ್ಯವಾಗಿ ಮೂರು ಕ್ರಮಗಳು ಬಳಕೆಯಲ್ಲಿವೆ. ಮೊದಲನೆಯದು ಡಿಗ್ರಿ, ನಿಮಿಷ, ಸೆಕೆಂಡು. ಎರಡನೆಯದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಮೂರನೆಯದು ದಶಮಾಂಶ ಡಿಗ್ರಿ. ಬೊಬ್ರುವಾಡದ ಆಸುಪಾಸಿನಲ್ಲಿ, ಲೆಕ್ಕದ ಅನುಕೂಲಕ್ಕಾಗಿ ಆಯ್ದುಕೊಂಡ ಒಂದು ಬಿಂದುವು ಮೊದಲನೆಯ ಕ್ರಮದಲ್ಲಿ 14°39′36″ ಉತ್ತರ, 74°18′00″ ಪೂರ್ವ ಎಂದಾಗುತ್ತದೆ. ಅದೇ ಬಿಂದು ಎರಡನೆಯ ಕ್ರಮದಲ್ಲಿ 14°39.6′ ಉತ್ತರ, 74°18.0′ ಪೂರ್ವ, ಮೂರನೆಯ ಕ್ರಮದಲ್ಲಿ 14.66° ಉತ್ತರ, 74.30° ಪೂರ್ವ. ಮೂರೂ ಸರಿ, ಮೂರೂ ಒಂದೇ ಜಾಗ.

ಮೊದಲನೆಯ ಕ್ರಮದ ಅಂಕಿಗಳನ್ನು ಯಾರಾದರೂ ಚಿಹ್ನೆಗಳಿಲ್ಲದೆ 14.3936, 74.1800 ಎಂದು ನಕಲು ಮಾಡಿದರೆ, ಓದುವ ಯಂತ್ರವು ಅದನ್ನು ದಶಮಾಂಶ ಡಿಗ್ರಿಯೆಂದೇ ತಿಳಿಯುತ್ತದೆ. ಆಗ ಬಿಂದು ದಕ್ಷಿಣಕ್ಕೆ ಸುಮಾರು 29.5 ಕಿ.ಮೀ., ಪಶ್ಚಿಮಕ್ಕೆ ಸುಮಾರು 13 ಕಿ.ಮೀ. ಸರಿದು, ಕುಮಟಾ ಕರಾವಳಿಯಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ ಅರಬ್ಬಿ ಸಮುದ್ರದಲ್ಲಿ ಬೀಳುತ್ತದೆ. ಇಂತಹ ದೊಡ್ಡ ತಪ್ಪು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ನಕ್ಷೆಯನ್ನು ತೆರೆದ ಕೂಡಲೇ ನೀರು ಕಾಣುತ್ತದೆ.

ಅಪಾಯ ಹೆಚ್ಚಿರುವುದು ಚಿಕ್ಕ ತಪ್ಪಿನಲ್ಲಿ. 39 ನಿಮಿಷ 36 ಸೆಕೆಂಡು ಎಂಬುದನ್ನು 39.36 ನಿಮಿಷ ಎಂದು ಓದಿದರೆ ಆಗುವ ವ್ಯತ್ಯಾಸ 0.24 ನಿಮಿಷ, ಅಂದರೆ ಸುಮಾರು 445 ಮೀಟರು. ಬಿಂದು ಅದೇ ಊರಿನಲ್ಲಿ ಅಥವಾ ಪಕ್ಕದ ಕೇರಿಯಲ್ಲಿಯೇ ಉಳಿಯುತ್ತದೆ, ನೋಡಿದವರಿಗೆ ಅನುಮಾನ ಬರುವುದಿಲ್ಲ. ಅಕ್ಷಾಂಶದಲ್ಲಿ ಈ ಬಗೆಯ ದೋಷ ಗರಿಷ್ಠವಾಗಿ ಸುಮಾರು 730 ಮೀಟರಿನವರೆಗೆ ಹೋಗಬಲ್ಲದು. ಬಿಂದುವಿನ ನಂತರದ ಎರಡು ಅಂಕಿಗಳು 60 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅವು ಸೆಕೆಂಡುಗಳಾಗಿರಲು ಸಾಧ್ಯವಿಲ್ಲ ಎಂಬುದೊಂದೇ ಇಲ್ಲಿ ದೊರೆಯುವ ಸುಳಿವು. 60ಕ್ಕಿಂತ ಕಡಿಮೆಯಿದ್ದರೆ ಅಂಕಿಗಳು ಏನನ್ನೂ ಹೇಳುವುದಿಲ್ಲ.

ಇವಲ್ಲದೆ ಅನುಕ್ರಮದ ಗೊಂದಲವೂ ಇದೆ. ವಿಮಾನಯಾನ, ನೌಕಾಯಾನ ಮತ್ತು ಸಾಮಾನ್ಯ ಮೊಬೈಲ್ ನಕ್ಷೆಗಳು ಅಕ್ಷಾಂಶವನ್ನು ಮೊದಲು ಬರೆಯುತ್ತವೆ. ಜಿಯೋಜೇಸನ್ ಮುಂತಾದ ಗಣಕ ದತ್ತಾಂಶ ರೂಪಗಳು ರೇಖಾಂಶವನ್ನು ಮೊದಲು ಇಡುತ್ತವೆ. ಮೇಲಿನ ಬಿಂದುವಿನ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದರೆ ಅದು ನಾರ್ವೆಯ ಉತ್ತರಕ್ಕೆ, ಬೇರ್ ದ್ವೀಪದ ಪಶ್ಚಿಮದ ಶೀತಸಮುದ್ರಕ್ಕೆ ಹೋಗುತ್ತದೆ. ಪೂರ್ವ ಎಂಬುದನ್ನು ಪಶ್ಚಿಮವೆಂದು ಬರೆದರೆ ಕೆರಿಬಿಯನ್ ಸಮುದ್ರ. ಕರ್ನಾಟಕದ ಯಾವುದೇ ಸ್ಥಳದ ಅಕ್ಷಾಂಶವು 11ರಿಂದ 19ರ ಒಳಗೂ ರೇಖಾಂಶವು 74ರಿಂದ 79ರ ಒಳಗೂ ಇರುವುದರಿಂದ, ನಮ್ಮ ರಾಜ್ಯದ ಮಟ್ಟಿಗೆ ಈ ಅದಲುಬದಲನ್ನು ಗುರುತಿಸುವುದು ಸುಲಭ. ಎರಡೂ ಸಂಖ್ಯೆಗಳು ಹತ್ತಿರ ಹತ್ತಿರವಿರುವ ದೇಶಗಳಲ್ಲಿ ಅಷ್ಟು ಸುಲಭವಲ್ಲ.

ಅರವತ್ತರ ಲೆಕ್ಕ, ಹತ್ತರ ಲೆಕ್ಕ

ಗೊಂದಲದ ಮೂಲವಿರುವುದು ಅರವತ್ತರ ಲೆಕ್ಕವನ್ನೂ ಹತ್ತರ ಲೆಕ್ಕವನ್ನೂ ಒಂದೇ ಬಿಂದುಚಿಹ್ನೆಯಿಂದ ಬರೆಯುವ ರೂಢಿಯಲ್ಲಿ. ಭಾರತೀಯ ಜ್ಯೋತಿರ್ಗಣಿತದಲ್ಲಿ ಅಂಶ, ಕಲೆ, ವಿಕಲೆ ಎಂಬ ವಿಭಾಗವಿದೆ. ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಇವು ಇಂದಿನ ಡಿಗ್ರಿ, ನಿಮಿಷ, ಸೆಕೆಂಡುಗಳಿಗೆ ಸಮಾನ. ಪಂಚಾಂಗದಲ್ಲಿ ಘಟಿ, ವಿಘಟಿಗಳನ್ನು ಬೇರೆ ಬೇರೆ ಕಂಬಸಾಲುಗಳಲ್ಲಿ ಅಚ್ಚು ಮಾಡುವ ಪದ್ಧತಿ ಇರುವುದರಿಂದ ಅಲ್ಲಿ ಗೊಂದಲಕ್ಕೆ ಆಸ್ಪದ ಕಡಿಮೆ. ಗಡಿಯಾರದ ಹೊತ್ತನ್ನು ಕನ್ನಡ ಪತ್ರಿಕೆಗಳು 5.30 ಎಂದು ಬಿಂದುವಿಟ್ಟೇ ಬರೆಯುತ್ತವೆ, ಅದನ್ನು ಐದೂವರೆ ಎಂದು ಓದಲು ಯಾರೂ ತಡಬಡಿಸುವುದಿಲ್ಲ. ಕ್ರಿಕೆಟ್ಟಿನಲ್ಲಿ 19.3 ಓವರು ಎಂದರೆ ಹತ್ತೊಂಬತ್ತೂವರೆ ಓವರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಅರಿವು ಬಂದಿರುವುದು ಸಂದರ್ಭದಿಂದ, ಬಿಂದುವಿನಿಂದಲ್ಲ. ಕ್ರಿಕೆಟ್ ಗೊತ್ತಿಲ್ಲದವನ ಕೈಗೆ 19.3 ಎಂಬ ಚೀಟಿಯನ್ನು ಮಾತ್ರ ಕೊಟ್ಟರೆ ಅವನು ಬೇರೆ ರೀತಿಯಲ್ಲಿ ಓದಿದ್ದಕ್ಕೆ ಅವನನ್ನು ದೂರುವಂತಿಲ್ಲ. ವಿಮಾನದ ಗಣಕವು ಆ ಚೀಟಿ ಪಡೆದವನ ಸ್ಥಿತಿಯಲ್ಲಿರುತ್ತದೆ.

ವಿಮಾನದ ಒಳಗೆ

ಒಂದೇ ಹಾರಾಟದಲ್ಲಿ ಒಂದಕ್ಕಿಂತ ಹೆಚ್ಚು ಕ್ರಮಗಳು ಎದುರಾಗುವುದು ಅಪರೂಪವಲ್ಲ. ದೇಶಗಳು ಪ್ರಕಟಿಸುವ ಅಧಿಕೃತ ವೈಮಾನಿಕ ಮಾಹಿತಿ ಸಂಪುಟದಲ್ಲಿ ಸ್ಥಾನಗಳು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿರುತ್ತವೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ವಿಮಾನ ನಿಲ್ದಾಣದ ಉಲ್ಲೇಖ ಬಿಂದುವನ್ನು ಒಂದು ಸೆಕೆಂಡಿನ ಸೂಕ್ಷ್ಮತೆಗೂ, ರನ್‌ವೇಯ ತುದಿಯನ್ನು ಸೆಕೆಂಡಿನ ನೂರನೇ ಒಂದು ಭಾಗದ ಸೂಕ್ಷ್ಮತೆಗೂ ಪ್ರಕಟಿಸಬೇಕು. ಅಕ್ಷಾಂಶದ ಒಂದು ಸೆಕೆಂಡು ನೆಲದ ಮೇಲೆ ಸುಮಾರು 31 ಮೀಟರು. ಅದರ ನೂರನೇ ಭಾಗ ಒಂದು ಅಡಿ. ಹಾರಾಟ ಯೋಜನೆಯ ಅರ್ಜಿಯಲ್ಲಿ ಸೆಕೆಂಡುಗಳಿಗೆ ಜಾಗವಿಲ್ಲ. ಅಲ್ಲಿ ಡಿಗ್ರಿ ಮಾತ್ರ, ಅಥವಾ ಡಿಗ್ರಿ ಮತ್ತು ನಿಮಿಷ. ಅನೇಕ ವಿಮಾನಗಳ ಹಾರಾಟ ನಿರ್ವಹಣಾ ಗಣಕವು ಕೇಳುವುದು ಡಿಗ್ರಿ ಮತ್ತು ಒಂದು ಸ್ಥಾನದವರೆಗಿನ ದಶಮಾಂಶ ನಿಮಿಷ. ಹೀಗಾಗಿ ಸಂಪುಟದ 36 ಸೆಕೆಂಡು ಗಣಕದಲ್ಲಿ 0.6 ನಿಮಿಷವಾಗಬೇಕು. ಈ ಪರಿವರ್ತನೆಯನ್ನು ಬಹುತೇಕ ಸಂದರ್ಭಗಳಲ್ಲಿ ಸಿದ್ಧ ದತ್ತಾಂಶ ಸಂಗ್ರಹವೇ ಮಾಡಿಟ್ಟಿರುತ್ತದೆ. ಕೈಯಿಂದ ಒತ್ತಬೇಕಾದ ಹೊತ್ತಿನಲ್ಲಿ ಮಾತ್ರ ಮನುಷ್ಯನ ಪಾಲಿಗೆ ಬರುತ್ತದೆ.

ಸಿಡ್ನಿ, 2015

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿ ದಾಖಲಾದ ಪ್ರಕರಣ 2015ರ ಮಾರ್ಚ್ 10ರದ್ದು. ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟಿದ್ದ ಏರ್‌ಏಷ್ಯಾ ಎಕ್ಸ್ ಸಂಸ್ಥೆಯ ಏರ್‌ಬಸ್ ಎ330 ವಿಮಾನದಲ್ಲಿ, ನಿಲುಗಡೆಯ ಸ್ಥಾನವನ್ನು ಗಣಕಕ್ಕೆ ಕೈಯಿಂದ ನಮೂದಿಸುವಾಗ, ರೇಖಾಂಶವನ್ನು 15109.8 ಪೂರ್ವ ಎನ್ನುವ ಬದಲು 01519.8 ಪೂರ್ವ ಎಂದು ಒತ್ತಲಾಯಿತು. ಮೊದಲನೆಯದು 151 ಡಿಗ್ರಿ 9.8 ನಿಮಿಷ, ಎರಡನೆಯದು 15 ಡಿಗ್ರಿ 19.8 ನಿಮಿಷ. ಡಿಗ್ರಿ ಎಲ್ಲಿ ಮುಗಿಯಿತು, ನಿಮಿಷ ಎಲ್ಲಿ ಆರಂಭವಾಯಿತು ಎಂದು ತೋರಿಸುವ ಚಿಹ್ನೆ ಈ ಅಂಕಿಗಳ ನಡುವೆ ಇಲ್ಲ; ರೇಖಾಂಶದ ಡಿಗ್ರಿಗೆ ಯಾವಾಗಲೂ ಮೂರು ಅಂಕಿ ಎಂಬ ಕಟ್ಟಳೆಯೇ ಅದನ್ನು ತಿಳಿಸಬೇಕು. ವಿಮಾನವು ತಾನು ಇದ್ದ ಸ್ಥಳದಿಂದ 11,000 ಕಿ.ಮೀ.ಗೂ ದೂರದಲ್ಲಿ, ಆಫ್ರಿಕಾದ ದಕ್ಷಿಣ ತುದಿಯ ಕಡೆ ಇರುವುದಾಗಿ ತಿಳಿದುಕೊಂಡಿತು.

ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ಮಂಡಳಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ತಪ್ಪನ್ನು ಹಿಡಿಯಲು ಹಲವು ಅವಕಾಶಗಳಿದ್ದವು. ಎಚ್ಚರಿಕೆಯ ಸಂದೇಶ ಮತ್ತು ಧ್ವನಿಗಳ ಮಹತ್ವವನ್ನು ಸಿಬ್ಬಂದಿ ಗ್ರಹಿಸಲಿಲ್ಲ. ಮೇಲೇರಿದ ನಂತರ ಸ್ವಯಂಚಾಲಕವು ವಿಮಾನವನ್ನು ಸಮಾನಾಂತರ ರನ್‌ವೇಯ ನಿರ್ಗಮನ ಪಥದ ಕಡೆಗೆ ಎಡಕ್ಕೆ ತಿರುಗಿಸಿದಾಗಲೇ ದೋಷ ಹೊರಬಿತ್ತು. ಹಾರುತ್ತಿರುವಾಗ ಅದನ್ನು ಸರಿಪಡಿಸಲು ನಡೆದ ಪ್ರಯತ್ನದಿಂದ ಇನ್ನಷ್ಟು ವ್ಯವಸ್ಥೆಗಳು ಕೈಕೊಟ್ಟವು. ಸಿಡ್ನಿಯ ಹವಾಮಾನ ಕೆಟ್ಟಿದ್ದರಿಂದ ವಿಮಾನ ಮೆಲ್ಬರ್ನಿನಲ್ಲಿ ಇಳಿಯಿತು. ಸ್ಥಾನವನ್ನು ತಾನೇ ಪಡೆದುಕೊಳ್ಳುವ ಅಥವಾ ತಪ್ಪನ್ನು ತಾನೇ ತಿದ್ದುವ ಸುಧಾರಿತ ವ್ಯವಸ್ಥೆ ಆ ವಿಮಾನದಲ್ಲಿ ಇದ್ದಿದ್ದರೆ ಈ ಘಟನೆ ತಪ್ಪುತ್ತಿತ್ತೆಂದು ವರದಿ ಹೇಳುತ್ತದೆ. ಒಂದು ಸೊನ್ನೆ ಮುಂದೆ ಸೇರಿ ಒಂದು ಸೊನ್ನೆ ನಡುವೆ ಬಿದ್ದುಹೋದದ್ದನ್ನು ಒಬ್ಬ ವ್ಯಕ್ತಿಯ ಅಜಾಗರೂಕತೆ ಎಂದು ಮುಗಿಸುವುದಕ್ಕಿಂತ, ಅಂತಹ ಸಂಖ್ಯೆಯನ್ನು ಪ್ರಶ್ನಿಸದೆ ಒಪ್ಪಿಕೊಂಡ ವ್ಯವಸ್ಥೆಯ ದೋಷವೆಂದು ನೋಡುವುದು ಹೆಚ್ಚು ನ್ಯಾಯಸಮ್ಮತ.

ಇತರ ಪ್ರಕರಣಗಳು

1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡಿನ ಡಿಸಿ-10 ವಿಮಾನವು ಅಂಟಾರ್ಕ್ಟಿಕದ ಎರೆಬಸ್ ಪರ್ವತಕ್ಕೆ ಅಪ್ಪಳಿಸಿ ಅದರಲ್ಲಿದ್ದ 257 ಜನರೂ ಮೃತಪಟ್ಟರು. ಅದಕ್ಕೆ ಹಿಂದಿನ ವರ್ಷ ಮಾರ್ಗವನ್ನು ಗಣಕಕ್ಕೆ ಏರಿಸುವಾಗ ಕೊನೆಯ ಬಿಂದುವಿನ ರೇಖಾಂಶದಲ್ಲಿ 166 ಇರಬೇಕಾದಲ್ಲಿ 164 ಎಂದಾಗಿತ್ತು. ಈ ತಪ್ಪಿನ ಫಲವಾಗಿ ಮಾರ್ಗವು ಪರ್ವತವನ್ನು ಬಿಟ್ಟು ಮೆಕ್‌ಮರ್ಡೊ ಕೊಲ್ಲಿಯ ಬಯಲಿನ ಮೇಲೆ ಹಾದುಹೋಗುತ್ತಿತ್ತು. ಚಾಲಕರಿಗೆ ಪೂರ್ವಭಾವಿಯಾಗಿ ವಿವರಿಸಿದ್ದೂ ಅದೇ ಮಾರ್ಗವನ್ನು. ಹಾರಾಟಕ್ಕೆ ಕೆಲವೇ ಗಂಟೆಗಳ ಮೊದಲು ಅಂಕಿಯನ್ನು ತಿದ್ದಲಾಯಿತು, ತಿದ್ದಿದ್ದನ್ನು ಚಾಲಕರಿಗೆ ತಿಳಿಸಲಿಲ್ಲ. ಬಿಂದು ಸುಮಾರು 27 ನಾಟಿಕಲ್ ಮೈಲಿ ಪೂರ್ವಕ್ಕೆ ಸರಿದು, ಮಾರ್ಗವು ಪರ್ವತದ ಮೇಲೆಯೇ ಬಂದಿತು. ತಪ್ಪಾದ ಅಂಕಿ ಕಾಪಾಡುತ್ತಿದ್ದು ಸರಿಯಾದ ಅಂಕಿ ಕೊಂದ ಅಪರೂಪದ ಪ್ರಕರಣವಿದು. ಮೊದಲ ತನಿಖೆ ಚಾಲಕರನ್ನು ಹೊಣೆ ಮಾಡಿತು. ನ್ಯಾಯಮೂರ್ತಿ ಪೀಟರ್ ಮಾನ್ ಅವರ ಆಯೋಗವು ಮುಖ್ಯ ಹೊಣೆಯನ್ನು ಸಂಸ್ಥೆಯ ಆಡಳಿತ ಪದ್ಧತಿಯ ಮೇಲೆ ಹೊರಿಸಿತು.

1989ರ ಸೆಪ್ಟೆಂಬರ್ 3ರ ಬ್ರೆಜಿಲ್ ಪ್ರಕರಣ ದಿಕ್ಕಿಗೆ ಸಂಬಂಧಿಸಿದ್ದಾದರೂ ಅದರ ಸ್ವರೂಪ ಇದೇ. ವಾರಿಗ್ ಸಂಸ್ಥೆಯು ದಿಕ್ಕಿನ ಡಿಗ್ರಿಗೆ ದಶಮಾಂಶವನ್ನು ಸೇರಿಸಿ ನಾಲ್ಕು ಅಂಕಿಗಳಲ್ಲಿ, ಬಿಂದುವಿಲ್ಲದೆ, ಅಚ್ಚು ಮಾಡತೊಡಗಿತ್ತು. 0270 ಎಂದರೆ 27.0 ಡಿಗ್ರಿ, ಹೆಚ್ಚುಕಡಿಮೆ ಉತ್ತರ. ಮರಾಬಾದಿಂದ ಬೆಲೆಂಗೆ ಹೊರಟ ಬೋಯಿಂಗ್ 737ರ ಚಾಲಕ ಅದನ್ನು 270 ಎಂದು, ಅಂದರೆ ನೇರ ಪಶ್ಚಿಮವೆಂದು, ಓದಿಕೊಂಡರು. ಇಂಧನ ಮುಗಿದ ವಿಮಾನ ಅಮೆಜಾನ್ ಕಾಡಿನಲ್ಲಿ ಬಿದ್ದಿತು.

ಉತ್ತರ ಅಟ್ಲಾಂಟಿಕ್ ಸಾಗರದ ಮೇಲಿನ ಮಾರ್ಗಗಳಲ್ಲಿ ಐದು ಅಕ್ಷರಗಳ ಸಂಕೇತ ಬಳಕೆಯಲ್ಲಿದೆ. 5250ಎನ್ ಎಂದರೆ 52 ಡಿಗ್ರಿ ಉತ್ತರ, 50 ಡಿಗ್ರಿ ಪಶ್ಚಿಮ. ಅರ್ಧ ಡಿಗ್ರಿಯ ಅಂತರದ ಮಾರ್ಗಗಳು ಬಂದಾಗ ಅದೇ ಅಕ್ಷರವನ್ನು ಮುಂದಕ್ಕೆ ತಂದು ಎನ್5250 ಎಂದು ಬರೆದು, 52 ಡಿಗ್ರಿ 30 ನಿಮಿಷ ಎಂಬ ಅರ್ಥ ಕೊಡಲಾಯಿತು. ಅಕ್ಷರ ಹಿಂದಿದ್ದರೆ ಒಂದು ಜಾಗ, ಮುಂದಿದ್ದರೆ 30 ನಾಟಿಕಲ್ ಮೈಲಿ ಆಚೆಯ ಜಾಗ! ಇದರ ಅಪಾಯವನ್ನು ಮನಗಂಡು, ಅರ್ಧ ಡಿಗ್ರಿಯ ಬಿಂದುಗಳಿಗೆ ಎಚ್ ಅಕ್ಷರವನ್ನು ಬಳಸಲೂ, ಪರದೆಯ ಮೇಲೆ ಪೂರ್ಣ ಅಕ್ಷಾಂಶ–ರೇಖಾಂಶವನ್ನು ತೆರೆದು ಇಬ್ಬರೂ ಚಾಲಕರು ಪ್ರತ್ಯೇಕವಾಗಿ ಪರಿಶೀಲಿಸಲೂ ಸೂಚಿಸಲಾಯಿತು.

ಅಂಕಿಗಳ ಈ ತೊಡಕನ್ನು ತಪ್ಪಿಸಲು ಬಿಂದುಗಳಿಗೆ ಹೆಸರಿಡುವ ಪದ್ಧತಿ ಇದೆ. ಅದೂ ನಿರಪಾಯವಲ್ಲ. ಅಮೆರಿಕದ ಡೆವಿಲ್ಸ್ ಲೇಕ್ ಮತ್ತು ಫ್ರಾನ್ಸಿನ ಡೋವಿಲ್ ಎರಡಕ್ಕೂ ಡಿವಿಎಲ್ ಎಂಬ ಒಂದೇ ಸಂಕೇತವಿದ್ದುದರಿಂದ 2023ರ ಆಗಸ್ಟ್ 28ರಂದು ಬ್ರಿಟನ್ನಿನ ವಾಯುಸಂಚಾರ ಗಣಕ ವ್ಯವಸ್ಥೆ ಸ್ಥಗಿತಗೊಂಡು, ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೊಳಗಾದರು.

ಭಾರತದ ಸಂದರ್ಭ

ಭಾರತದಲ್ಲಿ ಬರವಣಿಗೆಯ ಕ್ರಮದ ಜೊತೆಗೆ ಆಧಾರ ಮಾನದ ಸಮಸ್ಯೆಯೂ ಸೇರಿಕೊಂಡಿದೆ. 1802ರಲ್ಲಿ ಮದರಾಸಿನಲ್ಲಿ ಆರಂಭವಾಗಿ ಬೆಂಗಳೂರಿನ ಮೂಲಕ ಮುಂದುವರಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಪರಂಪರೆಯಲ್ಲಿ ಭಾರತೀಯ ನಕ್ಷೆಗಳು ಎವರೆಸ್ಟ್ ಗೋಲಾಭವನ್ನು ಆಧರಿಸಿದ್ದವು. ಉಪಗ್ರಹ ವ್ಯವಸ್ಥೆಗಳ ಆಧಾರ ಡಬ್ಲ್ಯುಜಿಎಸ್-84. ಎರಡರಲ್ಲಿಯೂ ಒಂದೇ ಅಂಕಿಗಳನ್ನು ಬರೆದರೆ ಜಾಗಗಳು ಹತ್ತಾರು ಮೀಟರಿನಿಂದ ನೂರಕ್ಕೂ ಹೆಚ್ಚು ಮೀಟರಿನಷ್ಟು ಬೇರೆಯಾಗುತ್ತವೆ. ಅಂತಾರಾಷ್ಟ್ರೀಯ ವಿಮಾನಯಾನದಲ್ಲಿ 1998ರ ಜನವರಿ 1ರಿಂದ ಡಬ್ಲ್ಯುಜಿಎಸ್-84 ಮಾನವಾಯಿತು. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕ ಬಳಕೆಯ ನಕ್ಷೆಗಳನ್ನು ಅದೇ ಮಾನದಲ್ಲಿ ಹೊರತರಲು ತೀರ್ಮಾನಿಸಿತು. ಹಳೆಯ ನಕ್ಷೆಯಿಂದ ಅಂಕಿಗಳನ್ನು ಎತ್ತಿ ಬರೆಯುವವರು ಈ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ.

ಉಪಗ್ರಹ ಸಂಚಾರ ವ್ಯವಸ್ಥೆಯು ಕೈಬರಹದ ಅಗತ್ಯವನ್ನು ಬಹಳ ಕಡಿಮೆ ಮಾಡಿದೆ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ನಿಯಂತ್ರಣ ಕೇಂದ್ರವಿರುವ ಗಗನ್ ವ್ಯವಸ್ಥೆಯ ನೆರವಿನಿಂದ 2022ರ ಏಪ್ರಿಲಿನಲ್ಲಿ ಇಂಡಿಗೊ ಸಂಸ್ಥೆಯ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ಆದರೆ ಇದೇ ಅವಧಿಯಲ್ಲಿ ಉಪಗ್ರಹ ಸಂಕೇತವನ್ನು ನಕಲು ಮಾಡಿ ವಿಮಾನಕ್ಕೆ ಸುಳ್ಳು ಸ್ಥಾನ ತೋರಿಸುವ ಪ್ರಕರಣಗಳು ಹೆಚ್ಚಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2023ರ ನವೆಂಬರಿನಲ್ಲಿ ಈ ಬಗ್ಗೆ ಸಲಹಾ ಸುತ್ತೋಲೆ ಹೊರಡಿಸಿತು. ಅಂದಿನಿಂದ 2025ರ ಫೆಬ್ರವರಿಯವರೆಗೆ ಅಮೃತಸರ ಮತ್ತು ಜಮ್ಮು ಪ್ರದೇಶದಲ್ಲಿ 465 ಘಟನೆಗಳು ವರದಿಯಾದುದನ್ನು ಸರಕಾರ ಸಂಸತ್ತಿಗೆ ತಿಳಿಸಿತು. 2025ರ ಡಿಸೆಂಬರಿನಲ್ಲಿ ಕೊಟ್ಟ ಉತ್ತರದಲ್ಲಿ ದೆಹಲಿ, ಮುಂಬಯಿ ಮುಂತಾದವುಗಳ ಜೊತೆಗೆ ಬೆಂಗಳೂರಿನ ಹೆಸರೂ ಇತ್ತು. ಪರದೆಯ ಸ್ಥಾನವನ್ನು ನಂಬಲಾಗದಿದ್ದಾಗ ಸಿಬ್ಬಂದಿ ಜಡತ್ವ ವ್ಯವಸ್ಥೆ, ನೆಲದ ರೇಡಿಯೋ ಕೇಂದ್ರಗಳು ಮತ್ತು ಕಾಗದದ ಮೇಲಿನ ಅಂಕಿಗಳೊಂದಿಗೆ ತಾಳೆ ನೋಡಬೇಕಾಗುತ್ತದೆ. ಹಿಂದೆ ಸರಿದಿದ್ದ ಓದುವ ಗೊಂದಲ ಆಗ ಮತ್ತೆ ಮುಂದೆ ಬರುತ್ತದೆ.

ಅಂಕೋಲಾ ಪರಿಸರದಲ್ಲಿ

ಕಾರವಾರ–ಅಂಕೋಲಾ ಕರಾವಳಿಯಲ್ಲಿ ಮೂರೂ ಕ್ರಮಗಳು ಏಕಕಾಲದಲ್ಲಿ ಬಳಕೆಯಲ್ಲಿವೆ. ಮೀನುಗಾರಿಕಾ ದೋಣಿಗಳ ಜಿಪಿಎಸ್ ಉಪಕರಣಗಳು ಸಾಮಾನ್ಯವಾಗಿ ಸಮುದ್ರಯಾನದ ರೂಢಿಯಂತೆ ದಶಮಾಂಶ ನಿಮಿಷಗಳನ್ನು ತೋರಿಸುತ್ತವೆ. ಮೊಬೈಲ್ ನಕ್ಷೆ ದಶಮಾಂಶ ಡಿಗ್ರಿಯನ್ನು ತೋರಿಸುತ್ತದೆ. ವಿಮಾನಯಾನದ ದಾಖಲೆಗಳು ಸೆಕೆಂಡುಗಳನ್ನು ಬಯಸುತ್ತವೆ. ದೋಣಿಯವರು ಹೇಳಿದ ಸ್ಥಾನವನ್ನು ದಡದಲ್ಲಿರುವವರು ಮೊಬೈಲಿಗೆ ಹಾಕಿ, ಅದನ್ನೇ ಹೆಲಿಕಾಪ್ಟರಿಗೆ ತಿಳಿಸುವ ಸಂದರ್ಭವನ್ನು ಊಹಿಸಿದರೆ ಸಾಕು, ನಡುವೆ ಎರಡು ಪರಿವರ್ತನೆಗಳು ಕಾಣುತ್ತವೆ.

ಹೆಸರು ಮಾತ್ರ ಹೇಳಿದರೆ ಸಾಲದೆ ಎಂಬ ಪ್ರಶ್ನೆಗೆ ಈ ತಾಲ್ಲೂಕಿನಲ್ಲಿಯೇ ಉತ್ತರವಿದೆ. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ಅದೇ ಹೆದ್ದಾರಿಯ ಮೇಲೆ, ದಕ್ಷಿಣಕ್ಕೆ, ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಟೋಲ್ ಕೇಂದ್ರವಿರುವ ಇನ್ನೊಂದು ಶಿರೂರು ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಮತ್ತೊಂದು. ಕುಸಿತದ ನಂತರ ಗಂಗಾವಳಿ ನದಿಯಲ್ಲಿ ಡ್ರೋನ್ ಮತ್ತಿತರ ಉಪಕರಣಗಳಿಂದ ಲೋಹದ ಸುಳಿವು ದೊರೆತ ಸ್ಥಳಗಳನ್ನು ಗುರುತಿಸಲಾಯಿತು. ಕಣ್ಮರೆಯಾಗಿದ್ದ ಲಾರಿ ನದಿಯ ತಳದಿಂದ ಹೊರಬಂದದ್ದು ಸೆಪ್ಟೆಂಬರ್ 25ರಂದು. ಕೆಂಪು ನೀರಿನಡಿ ಏನೂ ಕಾಣದ ಅಂತಹ ಶೋಧದಲ್ಲಿ ಮುಳುಗುಗಾರರ ಮಟ್ಟಿಗೆ 445 ಮೀಟರು ಎಂದರೆ ಬೇರೊಂದು ನದಿಯೇ ಸರಿ.

ವಿಮಾನ ನಿಲ್ದಾಣ ಬಂದ ಮೇಲೆ ಗೊಂದಲ ಮನೆಬಾಗಿಲಿಗೂ ಬರಲಿದೆ. ವಿಮಾನಗಳ ಸುರಕ್ಷತೆಗಾಗಿ ಕಟ್ಟಡಗಳ ಎತ್ತರವನ್ನು ಮಿತಿಗೊಳಿಸುವ 2015ರ ಕೇಂದ್ರ ನಿಯಮಗಳು ನಾಗರಿಕ ನಿಲ್ದಾಣಗಳಿಗೂ ರಕ್ಷಣಾ ನಿಲ್ದಾಣಗಳಿಗೂ ಅನ್ವಯಿಸುತ್ತವೆ. ಅನುಮತಿ ಅಗತ್ಯವಿರುವ ವಲಯದಲ್ಲಿ ಕಟ್ಟುವವರು ನಿವೇಶನದ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರಮಟ್ಟದಿಂದ ಎತ್ತರವನ್ನು ಅರ್ಜಿಯಲ್ಲಿ ಕೊಡಬೇಕು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಅಂತರ್ಜಾಲ ಅರ್ಜಿ ಇದನ್ನು ಡಬ್ಲ್ಯುಜಿಎಸ್-84 ಮಾನದಲ್ಲಿ, ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಕೇಳುತ್ತದೆ. ಪ್ರಮುಖ ರನ್‌ವೇಗಳಲ್ಲಿ ಇಳಿಯುವ ದಾರಿಯ ಕೆಳಗಿನ ಮಿತಿ ಮೇಲ್ಮೈ ಆರಂಭದಲ್ಲಿ ನೂರಕ್ಕೆ ಎರಡರ ಇಳಿಜಾರಿನಲ್ಲಿ ಏರುತ್ತದೆ. ರನ್‌ವೇಯ ನೇರದಲ್ಲಿ 445 ಮೀಟರು ತಪ್ಪಿದರೆ ಅನುಮತಿಸುವ ಎತ್ತರದಲ್ಲಿ ಸುಮಾರು 9 ಮೀಟರಿನ ವ್ಯತ್ಯಾಸವಾಗುತ್ತದೆ. ಸಾಧಾರಣ ಮನೆಯ ಲೆಕ್ಕದಲ್ಲಿ ಮೂರು ಅಂತಸ್ತು. ಸೀಬರ್ಡ್ ಯೋಜನೆಗಾಗಿ ಒಮ್ಮೆ ಸಾವಿರಾರು ಕುಟುಂಬಗಳು ನೆಲೆ ಬಿಟ್ಟುಕೊಟ್ಟ ಕರಾವಳಿಯಲ್ಲಿ, ಉಳಿದ ನೆಲದ ಮೇಲೆ ಎಷ್ಟು ಎತ್ತರಕ್ಕೆ ಕಟ್ಟಬಹುದೆಂಬುದು ಸಣ್ಣ ಪ್ರಶ್ನೆಯಲ್ಲ. ಮೊಬೈಲ್ ತೋರಿಸಿದ 14.66 ಎಂಬುದನ್ನು 14 ಡಿಗ್ರಿ 66 ನಿಮಿಷ ಎಂದು ಬರೆದರೆ, 66 ನಿಮಿಷ ಎಂಬುದೇ ಇಲ್ಲದ ಕಾರಣ ಅದು ತಪ್ಪೆಂದು ಕೂಡಲೇ ತಿಳಿಯುತ್ತದೆ. 74.30 ಎಂಬುದನ್ನು 74 ಡಿಗ್ರಿ 30 ನಿಮಿಷ ಎಂದು ಬರೆದರೆ ಹಾಗೆ ತಿಳಿಯುವುದಿಲ್ಲ. ನಿವೇಶನವು ಕಾಗದದ ಮೇಲೆ 21 ಕಿ.ಮೀ.ಗೂ ಹೆಚ್ಚು ಪೂರ್ವಕ್ಕೆ, ಘಟ್ಟದ ಕಡೆಗೆ ಸರಿದಿರುತ್ತದೆ.